ಒಳಗಿನವನ ಬಡಿತ

ಎಣ್ಣೆ ಕಾರ್ಖಾನೆಯ ತೊಟ್ಟಿ ತೊಳೆಯುವ ತಂಡದಲ್ಲಿ ಅವನಿಗೆ ‘ಬಾಣಂತಿ’ ಎಂದು ಹೆಸರು ಬಿದ್ದಿತ್ತು. ಹೆಸರಿಟ್ಟವನು ಹೊರಗಿನವನಲ್ಲ, ಹೆಂಡತಿಯ ಸ್ವಂತ ಅಣ್ಣ. ತಂಡದ ಮೇಸ್ತ್ರಿಯೂ ಅವನೇ. ಇಂಥ ಭಾವ ಒಬ್ಬನಿದ್ದರೆ ಶತ್ರುಗಳನ್ನು ಬೇರೆ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಆದದ್ದಿಷ್ಟು. ಈಚೆಗೆ ತೊಟ್ಟಿಯೊಳಗೆ ಇಳಿದಾಗಲೆಲ್ಲ ಅವನ ಎದೆ ಹಿಡಿದುಕೊಳ್ಳುತ್ತಿತ್ತು, ಬೆರಳು ಮರಗಟ್ಟುತ್ತಿತ್ತು, ಈಗಲೇ ಸತ್ತೆ ಅನ್ನಿಸುತ್ತಿತ್ತು. ಕಾರಣ ಅವನಿಗೂ ತಿಳಿಯದು. ವರ್ಷಗಟ್ಟಲೆ ಇಳಿದ ತೊಟ್ಟಿಗಳೇ, ಉಸಿರಾಡಲು ಬೇಕಾದಷ್ಟು ಗಾಳಿಯೂ ಇತ್ತು. ಡಾಕ್ಟರು ಪರೀಕ್ಷೆ ಮಾಡಿ, ಹೃದಯ ಗಟ್ಟಿಯಾಗಿದೆ, ಮನಸ್ಸಿನ ಡಾಕ್ಟರನ್ನು ನೋಡಿ ಎಂದಿದ್ದರು. ಅದನ್ನು ಅವನು ಹೆಂಡತಿಗೆ ಮಾತ್ರ ಹೇಳಿದ. ಅವಳು ಗಾಬರಿಯಾಗಿ, ಸ್ವಲ್ಪ ದಿನ ಇವರನ್ನು ಒಳಗೆ ಇಳಿಸಬೇಡ ಎಂದು ಅಣ್ಣನ ಕಿವಿಗೆ ಹಾಕಿದಳು. ಅಣ್ಣ ಚಹಾದ ಹೊತ್ತಿನಲ್ಲಿ ಡಂಗುರ ಹೊಡೆದ.

"ಬಾಣಂತಿ ಬಂದ್ರು, ದಾರಿ ಬಿಡ್ರಪ್ಪ. ಗಾಳಿ ಗೀಳಿ ತಾಗೀತು," ಎಂದು ಮೀಸೆ ಎಂಬ ಜೊತೆಗಾರ ದಿನಾ ಎದ್ದುನಿಂತು ಮರ್ಯಾದೆ ಕೊಡುತ್ತಿದ್ದ. ಉಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಆ ಬೆಳಿಗ್ಗೆ ದೊಡ್ಡ ತೊಟ್ಟಿಯ ಸರದಿ. ತಳದಲ್ಲಿ ಹೆಪ್ಪುಗಟ್ಟಿದ ಜಿಡ್ಡನ್ನು ಕೆರೆದು ತೆಗೆಯಬೇಕು. ಎಲ್ಲರೂ ತೊಟ್ಟಿಯ ನೆತ್ತಿಯ ಮೇಲೆ ಸೇರಿದ್ದರು.

"ಭಾವ, ಇವತ್ತು ಬೇರೆ ಯಾರನ್ನಾದ್ರೂ ಇಳಿಸಿ," ಎಂದ ಅವನು.

"ಯಾಕೆ, ಸೊಂಟ ನೋವಾ?" ಭಾವ ಎಲ್ಲರಿಗೂ ಕೇಳುವಂತೆ ಹೇಳಿದ. "ಗಂಡಸು ಅಂತ ನೋಡಿ ನಮ್ಮಪ್ಪ ಹೆಣ್ಣು ಕೊಟ್ಟಿದ್ದು. ಇಳಿಯೋ ಸುಮ್ನೆ."

ಅವನಿಗೆ ಮೈಯೆಲ್ಲ ಉರಿದುಹೋಯಿತು. ಆ ಸಿಟ್ಟಿನಲ್ಲೇ ಎದೆಗೂ ಸೊಂಟಕ್ಕೂ ಸುರಕ್ಷತೆಯ ಪಟ್ಟಿ ಬಿಗಿದು, ಹಗ್ಗ ಸಿಕ್ಕಿಸಿಕೊಂಡು ಏಣಿ ಇಳಿದ. ಹಗ್ಗದ ಮೇಲಿನ ತುದಿ ಭಾವನ ಕೈಯಲ್ಲಿತ್ತು.

ತೊಟ್ಟಿಗೆ ಗಾಳಿ ಊದುವ ಫ್ಯಾನಿನ ಗದ್ದಲದಲ್ಲಿ ಒಳಗಿನ ಮಾತು ಹೊರಗೆ ಕೇಳುವುದಿಲ್ಲ. ಅದಕ್ಕೇ ಒಂದು ಕ್ರಮವಿತ್ತು. ಹಗ್ಗ ಹಿಡಿದವನು ಆಗಾಗ ಸ್ಪ್ಯಾನರಿನಿಂದ ತೊಟ್ಟಿಯನ್ನು ಬಡಿಯಬೇಕು. ಒಳಗಿನವನು ತಿರುಗಿ ಬಡಿದರೆ ಕ್ಷೇಮ. ಬಡಿಯದಿದ್ದರೆ ಮೊದಲು ಎಳೆದು ಹಾಕಬೇಕು, ಕಾರಣ ಕೇಳುವುದೆಲ್ಲ ಆಮೇಲೆ.

ಒಂದಿಷ್ಟು ಕೆರೆಯುವಷ್ಟರಲ್ಲಿ ಅದು ಬಂತು. ಅವನು ಜಿಡ್ಡಿನಲ್ಲೇ ಮಂಡಿಯೂರಿದ. ಮೇಲಿಂದ ಬಡಿತ ಕೇಳಿಸಿತು. ಅವನ ಕೈ ತಾನಾಗಿಯೇ ಸಲಿಕೆಯೆತ್ತಿ ತಿರುಗಿ ಬಡಿಯಿತು. ಹಾಳು ಕೈ. ಹೋದ ವಾರ ಕಣ್ಣು ಕತ್ತಲಿಟ್ಟು ಏಣಿಯಿಂದ ಇನ್ನೇನು ಬೀಳಬೇಕು ಎನ್ನುವಾಗಲೂ ಅದು ಕ್ಷೇಮವೆಂದೇ ಬಡಿದಿತ್ತು. ಇವತ್ತು ನಿಜವಾಗಿ ಬಿದ್ದು ಸತ್ತರೆ ಮೇಲಿರುವ ಪುಣ್ಯಾತ್ಮ ತಂಗಿಯ ಮುಂದೆ ನಿಂತು, "ಬಡಿದನಲ್ಲಮ್ಮ, ಚೆನ್ನಾಗೇ ಇದ್ದ" ಎನ್ನುತ್ತಾನೆ. ಸಾವಿಗಿಂತ ಆ ಮಾತೇ ಅವನಿಗೆ ಹೆಚ್ಚು ಅಸಹ್ಯವಾಯಿತು.

ಮತ್ತೆ ಬಡಿತ. ಬಲಗೈ ಏಳಹೊರಟಿತು. ಎಡಗೈಯಿಂದ ಅದನ್ನು ತೊಡೆಗೆ ಒತ್ತಿ ಹಿಡಿದ. ಮೇಲಿನ ಬಡಿತ ಜೋರಾಯಿತು, ಅಡ್ಡಾದಿಡ್ಡಿಯಾಯಿತು. ಅವನು ಹಲ್ಲು ಕಚ್ಚಿಕೊಂಡು ಕೈ ಬಿಡಲಿಲ್ಲ. ಕೊನೆಗೆ ಹಗ್ಗ ಬಿಗಿಯಿತು.

ಹೊರಗೆ ಎಳೆದು ಹಾಕಿದಾಗ ಭಾವನ ಮುಖ ಬಿಳಿಚಿಕೊಂಡಿತ್ತು.

"ಗಾಳಿ ಕೆಟ್ಟಿತ್ತಾ?"

"ಇಲ್ಲ."

"ಕಾಲು ಜಾರಿತಾ?"

"ಇಲ್ಲ."

"ಮತ್ಯಾಕೋ ಬಡೀಲಿಲ್ಲ?"

"ಚೆನ್ನಾಗಿರಲಿಲ್ಲ, ಅದಕ್ಕೇ ಬಡೀಲಿಲ್ಲ. ಇಷ್ಟು ದಿನ ಸುಳ್ಳು ಬಡೀತಿದ್ದೆ."

ಭಾವ ಅವನ ಕೊರಳಪಟ್ಟಿ ಹಿಡಿದ. "ಜೀವ ಬಾಯಿಗೆ ಬಂದಿತ್ತು ನನಗೆ. ನಾಟಕ ಆಡ್ತೀಯಾ?"

"ಕೈ ತೆಗೀರಿ. ನಾನಿನ್ನು ಇಳಿಯಲ್ಲ. ಬಾಣಂತಿ ಅನ್ನಿ, ಏನು ಬೇಕಾದ್ರೂ ಅಂದ್ಕೊಳ್ಳಿ."

ಅವನ ಕಣ್ಣಲ್ಲಿ ನೀರು ಬಂದಿತ್ತು. ಅವನು ಒರೆಸಿಕೊಳ್ಳಲಿಲ್ಲ. ಮೀಸೆ ಕಿಸಕ್ಕನೆ ನಕ್ಕ.

"ನಗು ಬಂತಾ?" ಭಾವ ತಿರುಗಿದ. "ಹಾಗಾದ್ರೆ ನೀನಿಳಿ."

ಮೀಸೆಗೆ ಇದ್ದಕ್ಕಿದ್ದಂತೆ ಮಂಡಿನೋವು ನೆನಪಾಯಿತು. ಉಳಿದ ಶೂರರು ತಮ್ಮ ತಮ್ಮ ಬೂಟು ನೋಡಿಕೊಂಡರು. ಭಾವ ಎಲ್ಲರಿಗೂ ಸೇರಿಸಿ ಬೈದು, ತಂಗಿಯ ಗಂಡನ ಮೈಯಿಂದ ಪಟ್ಟಿ ಕಿತ್ತುಕೊಂಡು ತಾನೇ ಹಾಕಿಕೊಂಡ. ಬಕಲ್ ಬಿಗಿದ. ಬಿಚ್ಚಿ ಮತ್ತೆ ಬಿಗಿದ. ಆಮೇಲೆ ಹಗ್ಗವನ್ನೂ ಸ್ಪ್ಯಾನರನ್ನೂ ಅವನ ಕೈಗೇ ತುರುಕಿದ.

"ಬಾಣಂತಿ ಕೈಗಾ?" ಎಂದ ಮೀಸೆ.

"ಮುಚ್ಚೋ ಬಾಯಿ."

ಏಣಿಯ ಮೇಲೆ ಕಾಲಿಟ್ಟ ಭಾವ ಅಲ್ಲೇ ನಿಂತ. ಮುಖ ನೋಡಲಿಲ್ಲ. ಬೈಯುವ ದನಿಯಲ್ಲೇ, ಆದರೆ ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದ:

"ನಾನು ಬಡಿದೆ ಅಂತ ನಂಬ್ಕೊಂಡು ಕೂತ್ಕೋಬೇಡ. ಬಗ್ಗಿ ನೋಡ್ತಾ ಇರು."