ಬಲಸುತ್ತು

ಪಿಕಪ್ಪಿನ ಮೂತಿಗೆ ಭಾರ ಎಳೆಯುವ ವಿಂಚು ಕೂರಿಸಿ, ಕೊನೆಯ ಬೋಲ್ಟನ್ನೂ ಬಿಗಿದು, ಇಶ್ತಿಯಾಕ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಬಂಪರಿಗೆ ಕಚ್ಚಿಸಿರಲಿಲ್ಲ, ಚಾಸಿಗೇ ದಪ್ಪ ಪ್ಲೇಟು ವೆಲ್ಡ್ ಮಾಡಿ ಅದರ ಮೇಲೆ ಕೂರಿಸಿದ್ದ. ಗಾಡಿಯನ್ನೇ ತಲೆಕೆಳಗು ಮಾಡಿ ನೇತುಹಾಕಿದರೂ ವಿಂಚು ಕಿತ್ತು ಬರುವಂತಿರಲಿಲ್ಲ.

"ಹಲ್ಲು ಕಟ್ಟಿಸ್ಕೊಂಡು ಬಂದ ಮುದುಕನಂಗ ಕಾಣ್ತೈತಲ್ಲಲೇ ನನ್ನ ಗಾಡಿ!" ಎಂದ ಗವಿಸಿದ್ದೇಶ.

"ನಿನ್ನ ಗಾಡಿಗೆ ಮದ್ಲು ಮಾರಿ ಎಲ್ಲಿತ್ತಲೇ? ಈಗ ಬಂತು ನೋಡು."

ಕೂಡ್ಲಿಗಿ ಹೈವೇ ಪಕ್ಕದ ಆ ಗ್ಯಾರೇಜು ಇಶ್ತಿಯಾಕನ ಅಪ್ಪ ಯೂಸುಫ್ ಸಾಬರದು. ಗಾಡಿ ಗವಿಯದು. ಗವಿ, ಇಶ್ತಿಯಾಕ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಾಪಿ ಹೊಡೆದು ಪಾಸಾದವರು. ಬಾವಿಗಳಿಂದ ಕೆಟ್ಟ ಪಂಪು, ಪೈಪು ಎತ್ತಿಕೊಡುವುದು ಗವಿಯ ಕಸುಬು. ಇಲ್ಲಿಯವರೆಗೆ ಊರ ಮಂದಿಯನ್ನು ಸೇರಿಸಿ ಹಗ್ಗ ಜಗ್ಗಿಸುತ್ತಿದ್ದ. ಇನ್ನು ಮೇಲೆ ರಿಮೋಟಿನ ಒಂದು ಬಟನ್ ಸಾಕು.

ಉಕ್ಕಿನ ಹಗ್ಗ ಸುತ್ತುವುದೊಂದು ಬಾಕಿ ಇತ್ತು. ಹಗ್ಗ ಸುತ್ತಿಕೊಳ್ಳುವ ಡ್ರಮ್ಮಿನ ಪಕ್ಕ ಕೆಂಪು ಬಾಣದ ಗುರುತು. ಬಾಣ ತೋರಿಸುವ ಕಡೆಗೇ ಸುತ್ತಬೇಕೆಂದು ವಿಂಚು ಮಾರಿದವನು ಎರಡೆರಡು ಸಲ ಹೇಳಿ ಕಳಿಸಿದ್ದ. ಇಶ್ತಿಯಾಕ ಬಟನ್ ಒತ್ತಿದ. ಡ್ರಮ್ಮು ಗುರ್ರೆಂದು ತಿರುಗತೊಡಗಿತು.

"ನಿಲ್ಸೋ!"

ಹಳೆ ಟೈರಿನ ಮೇಲೆ ಕೂತು ಬೀಡಿ ಸೇದುತ್ತಿದ್ದ ಗುರುಸಂಗಪ್ಪ ಎದ್ದು ಬಂದಿದ್ದ. ಗವಿಯ ಅಪ್ಪ. ಎತ್ತು ಕಟ್ಟಿ ಬಾವಿಯಿಂದ ನೀರು ಎಳೆಯುತ್ತಿದ್ದ ಕಾಲದಿಂದ ಸುತ್ತಲಿನ ಹಳ್ಳಿಗಳ ಬಾವಿಗಳನ್ನೆಲ್ಲ ಬಲ್ಲ ಮನುಷ್ಯ.

"ಏನಾತ್ರಿ ಕಾಕಾ?"

"ಎಡಕ್ಕ ಸುತ್ತಾಕತ್ತೀಯಲ್ಲೋ ತಮ್ಮಾ! ಎಡಸುತ್ತು ಸತ್ತೋರಿಗೆ. ಬಾವಿಗೆ ಬಿಡೋ ಹಗ್ಗ ಬಲಸುತ್ತೇ ಇರಬೇಕು."

"ಆ ಕಡಿ ಹೋಗಿ ನಿಂತು ನೋಡ್ರಿ, ಇದೇ ಬಲಸುತ್ತು ಕಾಣ್ತೈತಿ."

ಗವಿ ಕಿಸಕ್ಕನೆ ನಕ್ಕ. ಮುದುಕ ನಗಲಿಲ್ಲ. "ನನ್ನ ಮಗ ಸ್ಟೇರಿಂಗ್ ಹಿಡಿಯೋದು ಈ ಕಡಿ. ನಾನೂ ಈ ಕಡಿಂದ್ಲೇ ನೋಡಾಂವ."

"ಹಂಗಲ್ರಿ ಕಾಕಾ, ಒಳಗ ಒಂದು ಬ್ರೇಕ್ ಐತಿ. ಬಟನ್ ಬಿಟ್ಟಾಗ ಭಾರ ಕೆಳಗ ಜಾರದಂಗ ಹಿಡಿಯೋದು ಅದೇ. ಬಾಣದ ಕಡಿ ಸುತ್ತಿದ್ರಷ್ಟೇ ಹಿಡೀತೈತಂತ."

"ಹಿಡೀತೈತಂತ! ಒಳಗ ಬಿಚ್ಚಿ ನೋಡೀಯೇನು ನೀನು?"

ಬಿಚ್ಚಿ ನೋಡಿರಲಿಲ್ಲ. ಹೊಸ ವಿಂಚನ್ನು ಯಾರು ಬಿಚ್ಚುತ್ತಾರೆ? ಅಷ್ಟರಲ್ಲಿ ಪಕ್ಕದ ಇನ್ನೊಂದು ಗಾಡಿಯ ಕೆಳಗೆ ಮಲಗಿದ್ದ ಯೂಸುಫ್ ಸಾಬರ ದನಿ ಬಂತು. "ಬೇಟಾ, ಹಿರೇರು ಹೇಳ್ದಂಗ ಮಾಡು. ಯಾವ ಕಡಿ ಸುತ್ತಿದ್ರೂ ಹಗ್ಗ ಹಗ್ಗಾನ."

ಇಶ್ತಿಯಾಕ ಹಗ್ಗ ಬಿಚ್ಚಿ ಉಲ್ಟಾ ಸುತ್ತಿದ. ಈಗ ಎತ್ತುವ ಬಟನ್ ಒತ್ತಿದರೆ ಹಗ್ಗ ಇಳಿಯುತ್ತಿತ್ತು, ಇಳಿಸುವ ಬಟನ್ ಒತ್ತಿದರೆ ಏರುತ್ತಿತ್ತು. ತಾನು ಹೇಳಬೇಕಾದ್ದನ್ನು ವಿಂಚೇ ಬಾಯಿಬಿಟ್ಟು ಹೇಳುತ್ತಿದೆ ಅನ್ನಿಸಿತು ಅವನಿಗೆ. ಆದರೂ ಎರಡು ವೈರು ಅದಲುಬದಲು ಮಾಡಿ ಅದರ ಬಾಯಿ ಮುಚ್ಚಿಸಿದ. ಎದುರಿಗೆ ಬಿದ್ದಿದ್ದ ಕಲ್ಲುಬಂಡೆಗೆ ಕೊಕ್ಕೆ ಹಾಕಿ ಎಳೆಸಿದಾಗ ಬಂಡೆ ಮೇಕೆಮರಿಯ ಹಾಗೆ ಹಿಂದೆಯೇ ಬಂತು. ಗವಿ ಶಿಳ್ಳೆ ಹೊಡೆದ. ಸಮನೆಲದಲ್ಲಿ ಎಳೆದ ಬಂಡೆಗೆ ವಾಪಸು ಜಾರುವ ಚಿಂತೆ ಇಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

ಗುರುಸಂಗಪ್ಪ ಉಜ್ಜಿನಿಯ ಮರುಳಸಿದ್ದನ ಗುಡಿಯಿಂದ ತಂದಿದ್ದ ವಿಭೂತಿಯನ್ನು ವಿಂಚಿಗೆ ಮೂರು ಪಟ್ಟೆ ಬಳಿದ. ಕೆಂಪು ಬಾಣ ಅದರಡಿ ಮುಚ್ಚಿಹೋಯಿತು.

ಮರುದಿನ ಬೆಳಿಗ್ಗೆ ಹೊಸಹಳ್ಳಿ ಕಡೆ ದುರುಗಪ್ಪ ಎಂಬವರ ತೋಟದಲ್ಲಿ ಮೊದಲ ಕೆಲಸ. "ಕೈಗುಣ ನಿಂದು, ನೀನೂ ಬಾ," ಎಂದು ಗುರುಸಂಗಪ್ಪನೇ ಇಶ್ತಿಯಾಕನನ್ನು ಗಾಡಿ ಹತ್ತಿಸಿಕೊಂಡ. ಕರೆಯದಿದ್ದರೂ ಅವನು ಬರುವವನೇ. ರಾತ್ರಿಯೆಲ್ಲ ಆ ಬಾಣ ಕಣ್ಣ ಮುಂದೆ ಸುತ್ತಿತ್ತು.

ಹಳೆಯ ಕಲ್ಲುಬಾವಿ. ಬಗ್ಗಿ ನೋಡಿದರೆ ತಳದ ನೀರು ಅಂಗೈಯಷ್ಟೇ ಕಾಣುವ ಆಳ. ಪಕ್ಕದಲ್ಲಿ ಗೋಡೆಗೆ ಅಂಟಿದ ಸಣ್ಣ ಮೆಟ್ಟಿಲು. ಮೂರುಗಾಲಿನ ಕಬ್ಬಿಣದ ಕಂಬವನ್ನು ಬಾವಿಯ ಬಾಯಿಗೆ ನಿಲ್ಲಿಸಿ, ಅದರ ತುದಿಯ ರಾಟೆಯ ಮೇಲೆ ವಿಂಚಿನ ಹಗ್ಗ ಹಾಯಿಸಿ ಕೆಳಗೆ ಬಿಟ್ಟರು. ಗವಿ ಮೆಟ್ಟಿಲಿಳಿದು ಹೋಗಿ ಪೈಪಿಗೆ ಕ್ಲಾಂಪು ಹಾಕಿ ಕೊಕ್ಕೆ ಸಿಗಿಸಿದ.

"ಎತ್ತಲೇ!"

ಇಶ್ತಿಯಾಕ ಬಟನ್ ಒತ್ತಿದ. ಹಗ್ಗ ಬಿಗಿಯಿತು. ಕೆಸರು ಸುರಿಸುತ್ತ ಪಂಪು, ಅದರ ಬೆನ್ನಿಗಿದ್ದ ಕಬ್ಬಿಣದ ಪೈಪು ಮೇಲೆದ್ದವು. ಬಾವಿಯ ಪೊಟರೆಗಳಲ್ಲಿದ್ದ ಪಾರಿವಾಳಗಳೆಲ್ಲ ಒಮ್ಮೆಗೇ ಫಡಫಡನೆ ಹಾರಿ ಹೊರಬಿದ್ದವು. ಆಮೇಲೆ ಒಂದೂ ತಿರುಗಿ ಬರಲಿಲ್ಲ.

ಅರ್ಧ ದಾರಿಗೆ ಬಂದ ಪಂಪು ಗೋಡೆಯಿಂದ ಚಾಚಿದ್ದ ಕಲ್ಲಿನ ಅಡಿಗೆ ಸಿಕ್ಕಿಕೊಂಡಿತು.

"ನಿಲ್ಸು ನಿಲ್ಸು! ನಾ ಸರಸ್ತೀನಿ," ಎಂದು ಗವಿ ಹಾರೆ ಹಿಡಿದು ಪಂಪಿನ ನೇರ ಕೆಳಗೆ, ಗೋಡೆಯಿಂದ ಚಾಚಿದ್ದ ಇನ್ನೊಂದು ಮೊನೆಗಲ್ಲಿನ ಮೇಲೆ ಹೋಗಿ ನಿಂತ.

ಇಶ್ತಿಯಾಕ ಬೆರಳು ತೆಗೆದ. ವಿಂಚಿನ ಸದ್ದು ನಿಂತಿತು. ಗುರುತಿಗೆಂದು ಹಗ್ಗಕ್ಕೆ ಸುತ್ತಿದ್ದ ಕೆಂಪು ಟೇಪು ಡ್ರಮ್ಮಿನ ಹತ್ತಿರವೇ ಇತ್ತು. ಅವನು ಅದನ್ನೇ ನೋಡುತ್ತಿದ್ದ.

ಟೇಪು ಸರಿಯಿತು.

ಕಣ್ಣಿನ ಭ್ರಮೆ ಅಂದುಕೊಂಡ. ಟೇಪು ಮತ್ತೆ ಸರಿಯಿತು. ಸದ್ದಿಲ್ಲದೆ, ಇರುವೆ ನಡೆದ ಹಾಗೆ, ಬಾವಿಯ ಕಡೆಗೆ. ಎತ್ತುವ ಬಟನ್ ಒತ್ತಿದ. ಪಂಪು ಮೇಲಿನ ಕಲ್ಲಿಗೆ ಬಡಿದು ನಿಂತಿತು, ಹಗ್ಗ ನರಳಿತು, ಮೋಟರಿನಿಂದ ಸುಟ್ಟ ವಾಸನೆ ಬಂತು. ಎತ್ತಿದರೆ ಕಲ್ಲು. ಬಿಟ್ಟರೆ ಗವಿಯ ತಲೆ.

"ಲೇ, ನಿಲ್ಸು ಅಂದ್ರ ಯಾಕ ಒತ್ತಾಕತ್ತೀ? ಕಿವಿಗೆ ಗ್ರೀಸ್ ತುಂಬೈತೇನು?" ಕೆಳಗಿನಿಂದ ಗವಿಯ ನಗು.

"ಗವೀ, ಪಕ್ಕಕ್ಕ ಸರಿ! ಹಗ್ಗ ಜಾರಾಕತ್ತೈತಿ!"

"ಹೊಸ ಹಗ್ಗ ಜಾರ್ತೈತೇನಲೇ? ಹೆದರ್ಸಬ್ಯಾಡ, ಒಂದು ಏಟು ಕೊಟ್ರ ಮುಗೀತು."

"ಒತ್ತಬ್ಯಾಡ ಅಂದಾನಲ್ಲೋ, ಬಿಡು!" ಗುರುಸಂಗಪ್ಪ ಅವನ ಕೈಯನ್ನು ಬಟನ್ನಿನಿಂದ ತಳ್ಳಿದ. ಟೇಪು ಈಗ ನಡೆಯುತ್ತಿರಲಿಲ್ಲ, ಓಡುತ್ತಿತ್ತು. ವಿಂಚಿನೊಳಗೆ ಏನೋ ಕಟಕಟನೆ ಹಲ್ಲು ಕಡಿಯತೊಡಗಿತು.

ಇಶ್ತಿಯಾಕನ ಬಾಯಿಗೆ ಬಂದ ಮಾತು ಅವನಿಗೇ ಗೊತ್ತಿರಲಿಲ್ಲ.

"ಹಾವು! ಗವೀ, ನಿನ್ನ ಕಾಲಾಗ ಹಾವು!"

ಗವಿ ಹಾರೆ ಬಿಸಾಡಿ ಮೆಟ್ಟಿಲಿಗೆ ಹಾರಿದ.

ಡ್ರಮ್ಮು ಕಿರುಚಿತು. ಹಗ್ಗ ಚಾಟಿಯ ಹಾಗೆ ಗಾಳಿಯನ್ನು ಸೀಳುತ್ತ ಪೂರ್ತಿ ಬಿಚ್ಚಿಕೊಂಡಿತು. ಕೊನೆಯ ಜಗ್ಗಿಗೆ ಗಾಡಿಯ ಮೂತಿ ಬಾಗಿ ಎದ್ದಿತು, ಕ್ಲಾಂಪು ಮುರಿಯಿತು. ಪಂಪು ಆ ಮೊನೆಗಲ್ಲನ್ನೂ ಕೆಳಗಿನ ಮೆಟ್ಟಿಲುಗಳನ್ನೂ ಕಿತ್ತುಕೊಂಡು ನೀರಿಗೆ ಬಿದ್ದ ಸದ್ದು ಬಾವಿಯೊಳಗೆ ಬಹಳ ಹೊತ್ತು ತಿರುಗಿತು.

ಗವಿ ಉಳಿದ ಮೆಟ್ಟಿಲು ಹತ್ತಿ ಮೇಲೆ ಬಂದ. ಗುರುಸಂಗಪ್ಪ ಮಗನ ತಲೆ, ಭುಜ, ಬೆನ್ನು ಎಲ್ಲ ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ಬಾವಿಗೆ ಕೈಮುಗಿದ.

"ಹಾವಾಗಿ ಬಂದು ಉಳಿಸಿದ ನೋಡ್ರಿ ನಮ್ಮಪ್ಪ ಮರುಳಸಿದ್ದ! ಬಲಸುತ್ತು ಹಾಕಿದ್ದಕ್ಕ ಬಂದ. ಎಡಸುತ್ತು ಇದ್ದಿದ್ರ ಇವತ್ತು ನನ್ನ ಮಗ ಹೆಣ ಆಗ್ತಿದ್ದ." ಕಣ್ಣೊರೆಸಿಕೊಂಡು ಇಶ್ತಿಯಾಕನ ಕಡೆ ತಿರುಗಿದ. "ಸುತ್ತು ತಮ್ಮಾ ಹಗ್ಗ, ಹಂಗಾ ಬಲಕ್ಕ ಸುತ್ತು. ಕೆಳಗಿನ ಮೆಟ್ಟಲು ಕಿತ್ತೈತಿ. ಇವನ ನಡಕ್ಕ ಕಟ್ಟಿ ಕೆಳಗ ಬಿಡೋಣ. ಪಂಪಿಗೆ ಇನ್ನೊಂದು ಕ್ಲಾಂಪ್ ಹಾಕಿ ಬರ್ಲಿ."

ಗವಿ ಆಗಲೇ ಸೊಂಟಕ್ಕೆ ಟವೆಲು ಬಿಗಿಯುತ್ತಿದ್ದ.

"ಹಾವು ಇರ್ಲಿಲ್ರಿ ಕಾಕಾ," ಎಂದ ಇಶ್ತಿಯಾಕ.

"ಏನಂದಿ?"

"ಹಾವು ಇರ್ಲಿಲ್ಲ. ಬ್ರೇಕ್ ಹಿಡೀಲಿಲ್ಲ. ಹಿಡಿಯಂಗಿಲ್ಲಂತ ನಿನ್ನೇನ ನನಗ ಗೊತ್ತಿತ್ತು. ಗೊತ್ತಿದ್ದೂ ಸುತ್ತಿದೆ."

ಗವಿಯ ಕೈ ಟವೆಲಿನ ಗಂಟಿನ ಮೇಲೆ ನಿಂತಿತು. ಅವನು ಗೆಳೆಯನನ್ನು ನೋಡಿದ, ಅಪ್ಪನನ್ನು ನೋಡಿದ, ಟವೆಲು ಬಿಚ್ಚಿದ.

ಇಶ್ತಿಯಾಕ ಅದಲುಬದಲು ಮಾಡಿದ್ದ ವೈರುಗಳನ್ನು ಮೊದಲಿನಂತೆ ಹಾಕಿದ. ಅಂಗಿಯ ತುದಿಯಿಂದ ವಿಭೂತಿ ಒರೆಸಿದ. ಬಾಣ ಕಂಡಿತು. ಗವಿ ಬಂದು ಹಗ್ಗದ ತುದಿಯನ್ನು ಕೈಗೆತ್ತಿಕೊಂಡು, ಸಡಿಲಾಗದಂತೆ ಎಳೆದು ಹಿಡಿದು ನಿಂತ. ಬಟನ್ ಒತ್ತಿದೊಡನೆ ಡ್ರಮ್ಮು ಎಡಕ್ಕೆ ತಿರುಗತೊಡಗಿತು.

ಗುರುಸಂಗಪ್ಪ ಡ್ರೈವರ್ ಕಡೆಯೇ ನಿಂತಿದ್ದ. ಬಲಸುತ್ತಾಗಿ ಕಾಣುವ ಆಚೆ ಕಡೆಗೆ ಹೋಗಿ ನೋಡಲಿಲ್ಲ. ಹಗ್ಗ ಹಿಡಿದಿದ್ದ ಮಗನ ಮೇಲಿನ ಕಣ್ಣು ತೆಗೆಯದೆ, ಮೆಲ್ಲಗೆ ಕೇಳಿದ:

"ಯಾರಿಗೆ ಸುತ್ತಾಕತ್ತೀರೋ ಆ ಎಡಸುತ್ತು?"