ಕೊಡೆಯವನ ಮನಸ್ಸು ಯಾರ ಮೇಲೆ

ಕನ್ನಡಕದ ಅಂಗಡಿಯಲ್ಲಿ ಇಪ್ಪತ್ತು ವರ್ಷಗಳಿಂದ ಕಣ್ಣು ಪರೀಕ್ಷಿಸುತ್ತಿದ್ದ ಆಕೆಗೆ ಹುಡುಗಿಯಾಗಿದ್ದಾಗ ವಕೀಲೆ ಎಂಬ ಅಡ್ಡಹೆಸರಿತ್ತು. ಕಾನೂನು ಓದಿದವಳಲ್ಲ, ವಾದಕ್ಕೆ ನಿಂತರೆ ಎದುರಿನವರು ಕೈಮುಗಿಯುವವರೆಗೂ ಬಿಡುತ್ತಿರಲಿಲ್ಲ, ಅಷ್ಟೇ.

ಆ ವಾದಗಳೆಲ್ಲ ನಡೆದದ್ದು ಬಸ್ ನಿಲ್ದಾಣದ ಹಿಂದಿನ ಬಾಡಿಗೆ ಪುಸ್ತಕದಂಗಡಿಯಲ್ಲಿ. ಅಂಗಡಿಯ ಒಡತಿ ಎಲ್ಲರಿಗೂ ಚಿಕ್ಕಮ್ಮ. ಜಪಾನಿನ ಪ್ರೇಮಕಥೆಗಳ ಚಿತ್ರಪುಸ್ತಕಗಳು, ಅಂದರೆ ಮಾಂಗಾ, ಅಲ್ಲಿ ಸಿಗುತ್ತಿದ್ದವು. ಅವನ್ನು ಹಿಂದಿನಿಂದ ಮುಂದಕ್ಕೆ, ಬಲದಿಂದ ಎಡಕ್ಕೆ ಓದಬೇಕು. ಅದು ಗೊತ್ತಿಲ್ಲದೆ ಆಕೆ ಮೊದಲ ಸಲ ಮದುವೆಯಿಂದ ಶುರುಮಾಡಿ ಮೊದಲ ಭೇಟಿಯವರೆಗೆ ಓದಿ, ಪಾಪ, ಇಬ್ಬರೂ ಒಬ್ಬರನ್ನೊಬ್ಬರು ಮರೆತೇಬಿಟ್ಟರಲ್ಲ ಎಂದು ಮರುಗಿದ್ದಳು. ಶನಿವಾರ ಮಧ್ಯಾಹ್ನ ಹೊಸ ಸಂಪುಟ ಬಂತೆಂದರೆ ಐದಾರು ಮಂದಿ ಮುಗಿಬೀಳುತ್ತಿದ್ದರು. ಒಬ್ಬರು ಹಾಳೆ ತಿರುವಿದರೆ ಉಳಿದವರು ಭುಜದ ಮೇಲಿಂದ ಇಣುಕುತ್ತಿದ್ದರು.

ಒಂದು ವರ್ಷ ಅವರೆಲ್ಲರ ತಲೆ ತಿಂದದ್ದು ಒಬ್ಬ ಕಥೆಯ ಹುಡುಗ. ಮಳೆ ಬಂದಾಗಲೆಲ್ಲ ನಾಯಕಿಗೆ ಕೊಡೆ ಹಿಡಿದು ಮನೆಗೆ ಬಿಡುತ್ತಿದ್ದವನಿಗೆ ಇವರು ಕೊಡೆಯವ ಎಂದೇ ಹೆಸರಿಟ್ಟಿದ್ದರು. ಆದರೆ ಬಾಗಿಲು ತೆರೆಯುವ ಅವಳ ಅಣ್ಣನನ್ನು ಕಂಡಾಗಷ್ಟೇ ಅವನ ಕೆನ್ನೆಯ ಮೇಲೆ ನಾಚಿಕೆಯ ಗೆರೆಗಳು ಮೂಡುತ್ತಿದ್ದವು. ಹಾಗಾದರೆ ಅವನ ಮನಸ್ಸಿದ್ದದ್ದು ಯಾರ ಮೇಲೆ? ಗಂಡು ಗಂಡನ್ನು ಪ್ರೀತಿಸುವುದಕ್ಕೆ ಏನೆನ್ನಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಅಣ್ಣನ ಪಕ್ಷ, ತಂಗಿಯ ಪಕ್ಷ ಎಂದು ಎರಡು ಬಣಗಳಾದವು.

ವಕೀಲೆ ಅಣ್ಣನ ಪಕ್ಷ. ಪುಟಸಂಖ್ಯೆ ಸಮೇತ ಪುರಾವೆ ಒದಗಿಸಿ ಒಬ್ಬೊಬ್ಬರನ್ನೇ ತನ್ನ ಕಡೆಗೆ ಎಳೆದುಕೊಂಡಳು. ಕೊನೆಗೆ ತಂಗಿಯ ಪಕ್ಷದಲ್ಲಿ ಉಳಿದವನು ಒಬ್ಬನೇ, ಕಡ್ಡಿಪೆಟ್ಟಿಗೆ. ಗೀರಿದರೆ ಸಾಕು ಹತ್ತಿಕೊಳ್ಳುತ್ತಾನೆಂದು ಬಂದ ಹೆಸರದು. ಕೊಡೆಯವ ಅಂಥವನಲ್ಲ, ಸುಮ್ಮನೆ ಅವನ ಮರ್ಯಾದೆ ತೆಗೆಯಬೇಡಿ ಎಂದು ಅವನು ಹಟ ಹಿಡಿದ. ಗೆದ್ದ ಹುರುಪಿನಲ್ಲಿದ್ದ ವಕೀಲೆ ಆಗ ಒಂದು ಮಾತು ಅಂದುಬಿಟ್ಟಳು.

"ನಿನ್ನ ವಿಷಯಾನೇ ಹೇಳ್ತಿದೀವೇನೋ ಅನ್ನೋ ಹಾಗೆ ಆಡ್ತೀಯಲ್ಲೋ."

ಎಲ್ಲರೂ ನಕ್ಕರು. ಅವನು ಪುಸ್ತಕವನ್ನು ಮೆಲ್ಲಗೆ ಮುಚ್ಚಿಟ್ಟು ಹೊರಟುಹೋದ. ಮುಂದಿನ ಶನಿವಾರ ಬರಲಿಲ್ಲ. ಆಮೇಲೆ ಬರಲೇ ಇಲ್ಲ. ಅವನ ಮುಖ ಬಿಳಿಚಿಕೊಂಡದ್ದನ್ನು ಚಿಕ್ಕಮ್ಮ ಕಂಡಿದ್ದರು. ನೀನು ಮಾತು ಗೆದ್ದೆ, ಮನುಷ್ಯನನ್ನು ಕಳಕೊಂಡೆ ಎಂದು ಅವರು ಹೇಳಿದ್ದು ಆಕೆಗೆ ಅರ್ಥವಾಗಲು ಕೆಲವು ವರ್ಷಗಳೇ ಬೇಕಾದವು. ಆಮೇಲೆ ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು. ಪುಸ್ತಕದಂಗಡಿ ಮುಚ್ಚಿತು, ಗೆಳೆಯರು ದಿಕ್ಕಿಗೊಬ್ಬರಾದರು. ಆ ಮಧ್ಯಾಹ್ನಗಳ ಹಳೇ ಕಾಗದದ ವಾಸನೆ ನೆನಪಾದಾಗಲೆಲ್ಲ ಜೊತೆಗೆ ಆ ನಗುವೂ ಕೇಳಿಸುತ್ತಿತ್ತು.

ಈಚೆಗೊಂದು ಬೆಳಿಗ್ಗೆ ನರೆತ ಗಡ್ಡದವನೊಬ್ಬ ಓದುವ ಕನ್ನಡಕಕ್ಕೆಂದು ಬಂದು ಕೂತ. ಜೊತೆಗೆ ಬಂದ ಎತ್ತರದ ಮನುಷ್ಯ ಗಾಜಿನ ಕಪಾಟಿನ ಮುಂದೆ ನಿಂತು ಅವನಿಗೆ ಒಪ್ಪುವ ಫ್ರೇಮು ಹುಡುಕತೊಡಗಿದ. ಪರೀಕ್ಷೆಯ ಹಲಗೆಯ ಅಕ್ಷರಗಳನ್ನು ಗಡ್ಡದವನು ಬಲದಿಂದ ಎಡಕ್ಕೆ ಓದಿದಾಗ ಆಕೆಯ ಕೈ ಅಲ್ಲೇ ನಿಂತಿತು.

"ಕಡ್ಡಿಪೆಟ್ಟಿಗೆ?"

"ಗುರುತು ಹಿಡೀತೀಯೋ ಇಲ್ವೋ ಅಂತ ನೋಡ್ದೆ," ಎಂದ ಅವನು. ಆಮೇಲೆ ಫ್ರೇಮು ನೋಡುತ್ತಿದ್ದವನ ಕಡೆ ತಿರುಗಿ, "ನಮ್ಮವರು. ಹದಿನಾರು ವರ್ಷ ಆಯ್ತು, ಒಟ್ಟಿಗಿದೀವಿ," ಎಂದ.

ಆವತ್ತು ತಪ್ಪು ಮಾಡಿದೆ ಎಂದಳು ಆಕೆ. ಇಷ್ಟು ವರ್ಷ ಅದನ್ನು ಹೇಳಲು ಅವನನ್ನು ಹುಡುಕಿಕೊಂಡು ಹೋಗದಿದ್ದದ್ದು ಇನ್ನೂ ದೊಡ್ಡ ತಪ್ಪು ಎಂದೂ ಸೇರಿಸಿದಳು.

ಅವನು ಗಡ್ಡ ಸವರಿಕೊಂಡ. "ನೋವಾಗಿದ್ದು ನಿಜ. ಆದ್ರೆ ಕೊಡೆಯವನ ಬಗ್ಗೆ ನೀನು ಎಷ್ಟು ಅಕ್ಕರೆಯಿಂದ ಮಾತಾಡ್ತಿದ್ದೆ. ಅಂಥವನನ್ನೂ ಒಬ್ಬರು ಇಷ್ಟಪಡಬಹುದು ಅಂತ ನಾನು ಮೊದಲು ಕೇಳಿದ್ದೇ ನಿನ್ನ ಬಾಯಲ್ಲಿ. ಭಯಕ್ಕೆ ಓಡಿಹೋದೆ, ಅಷ್ಟೇ."

ಆಕೆ ಕಣ್ಣೊರೆಸಿಕೊಂಡು, ಹಾಗಾದರೆ ನಾನು ಗೆದ್ದ ಹಾಗೆ ತಾನೇ ಎಂದು ಕೇಳಿದಳು.

"ಎಲ್ಲಿ ಗೆದ್ದೆ? ಎಲ್ಲ ಸಂಪುಟ ಮತ್ತೆ ಓದಿದೀನಿ. ಅವನಿಗೆ ಇಬ್ಬರ ಮೇಲೂ ಮನಸ್ಸಿತ್ತು ಕಣೆ."

ಆಕೆ ಕೈಯಲ್ಲಿದ್ದ ಮಸೂರವನ್ನು ಕೆಳಗಿಟ್ಟು, ಸ್ಟೂಲು ಎಳೆದುಕೊಂಡು ಅವನೆದುರು ಕೂತಳು. ಯಾವ ಪುಟ, ಹೇಳು ಎಂದಳು. ಎತ್ತರದ ಮನುಷ್ಯ ಮೂರು ಫ್ರೇಮು ಹಿಡಿದು ಪಕ್ಕದಲ್ಲಿ ನಿಂತೇ ಇದ್ದ. ಇಬ್ಬರಿಗೂ ಅವನತ್ತ ನೋಡಲು ಪುರುಸೊತ್ತಿರಲಿಲ್ಲ.