ಎರಡು ತಟ್ಟು

ಮೂರು ಗುಂಡುಗಳನ್ನು ಪೂವಪ್ಪ ಗಾಜಿನ ಹಲಗೆಯ ಮೇಲೆ ಒಂದೊಂದಾಗಿ ಉರುಳಿಸಿ ನೋಡಿದ. ಮೈತುಂಬ ತಾಮ್ರದ ಹೊದಿಕೆಯಿದ್ದದ್ದು ನೆಟ್ಟಗೆ ಹೋಯಿತು. ಬರೀ ಸೀಸದ್ದು ಅರ್ಧ ದಾರಿಯಲ್ಲೇ ಸೊಟ್ಟಗೆ ಹೊರಳಿತು, ಉಗುರು ಒತ್ತಿದರೆ ಗುರುತೂ ಬಿತ್ತು. ಮೂರನೆಯದು ಗಟ್ಟಿ ಸೀಸದ ಮೇಲೆ ತಾಮ್ರದ ತೆಳು ಲೇಪ ಕೊಟ್ಟದ್ದು. ಅದೂ ನೆಟ್ಟಗೆ ಹೋಯಿತು, ಉಗುರಿಗೂ ಜಗ್ಗಲಿಲ್ಲ.

"ಯಾವುದು ತರಿಸುವುದೆಂದು ಇವತ್ತೇ ಹೇಳಬೇಕು," ಎಂದ ಜೂಲಿಯನ್, ಇಂಗ್ಲಿಷಿನಲ್ಲಿ. ಸೈನ್ಯದಲ್ಲಿ ಕೋವಿ ರಿಪೇರಿ ಮಾಡಿ ನಿವೃತ್ತನಾಗಿ ಈ ಶೂಟಿಂಗ್ ಕ್ಲಬ್ಬಿಗೆ ಬಂದ ಇಂಗ್ಲೆಂಡಿನವನು ಅವನು. "ಖರ್ಚು ಇಳಿಯದಿದ್ದರೆ ತಿಂಗಳ ಕೊನೆಗೆ ಈ ಕೋಣೆಗೆ ಬೀಗ. ನಾನು ಊರಿಗೆ ಹೋಗಿ ನಾಯಿ ಸಾಕುತ್ತೇನೆ. ನೀನೇನು ಮಾಡ್ತೀ?"

ಪೂವಪ್ಪನಿಗೆ ಉತ್ತರ ಗೊತ್ತಿತ್ತು. ಬೆಳ್ತಂಗಡಿಗೆ ಹೋಗಿ ಭಾವನ ಸೋಡಾ ಅಂಗಡಿಯಲ್ಲಿ ಬಾಟ್ಲಿ ತೊಳೆಯುವುದು, ಇನ್ನೇನು. ಕುವೈತಿನ ಯುದ್ಧ ಮುಗಿದ ವರ್ಷ ಅದು. ಎಲ್ಲ ಕಡೆಯೂ ಕತ್ತರಿ ಆಡುತ್ತಿತ್ತು. ಮಸ್ಕತ್ತಿನ ಹೊರಗೆ, ರುಸೈಲಿನ ಆಚೆ ಕಲ್ಲುಗುಡ್ಡದ ಬುಡದಲ್ಲಿದ್ದ ಈ ಕೋಣೆಯ ಕೆಲಸವೆಂದರೆ, ಮೆಂಬರುಗಳು ಪಿಸ್ತೂಲಿನಲ್ಲಿ ಹೊಡೆದು ಬಿಟ್ಟ ಖಾಲಿ ಹಿತ್ತಾಳೆ ಕೇಸುಗಳನ್ನು ಹೆಕ್ಕಿ ತಂದು ತೊಳೆದು, ಮದ್ದಿಗೆ ಕಿಡಿ ಹಚ್ಚುವ ಹೊಸ ಕೇಪು ಕೂರಿಸಿ, ಮದ್ದು ತುಂಬಿ, ಗುಂಡು ಒತ್ತಿ ಮತ್ತೆ ತೋಟೆ ಮಾಡುವುದು. ಅಭ್ಯಾಸಕ್ಕೆ ಅಷ್ಟು ಸಾಕು. ಕೇಸಿಗೆ ದುಡ್ಡಿಲ್ಲ, ಮದ್ದಿಗೆ ಹೆಚ್ಚಿಲ್ಲ. ದುಡ್ಡು ತಿನ್ನುವುದೆಲ್ಲ ಗುಂಡೇ.

"ತಾಮ್ರದ್ದು ನಮಗೆ ಆಗಿಬರುವುದಿಲ್ಲ ಸರ್," ಎಂದ ಪೂವಪ್ಪ. "ಬರೀ ಸೀಸದ್ದು ಅಗ್ಗ, ಆದರೆ ನಳಿಗೆಯಲ್ಲಿ ಅಂಟಿಕೊಳ್ತದೆ, ಹೊಗೆಯೂ ಜಾಸ್ತಿ. ಈ ಲೇಪದ್ದು ತೆಗೆಯುವ. ದುಬೈಯವನ ಹತ್ತಿರ ಉಳಿದುಹೋದ ಮಾಲು, ಸೀಸದ ರೇಟಿಗೇ ಕೊಡ್ತಾನೆ."

ಜೂಲಿಯನ್ ಆ ಗುಂಡನ್ನು ತಕ್ಕಡಿಗೆ ಹಾಕಿದ. "ನಮ್ಮ ಹಳೆಯದಕ್ಕಿಂತ ಭಾರ. ಅದಕ್ಕೇ ಯಾರೂ ತೆಗೆದಿಲ್ಲ. ಭಾರದ ಗುಂಡಿಗೆ ಮದ್ದು ಕಡಿಮೆ ಹಾಕಬೇಕು. ಹಳೆಯ ಗುಂಡಿನಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆದರೆ ನಡೀತಿತ್ತು. ಇದರಲ್ಲಿ ನಡೆಯೋದಿಲ್ಲ. ಪಿಸ್ತೂಲು ಕೈಯಲ್ಲೇ ಒಡೀತದೆ. ತಿಳೀತಾ?"

ಅವನೇ ಕೂತು ಒಂದು ಹಿತ್ತಾಳೆ ಕೇಸನ್ನು ಅರೆದು, ತಂತಿಯ ಹಿಡಿ ಬೆಸೆದು, ಮದ್ದು ಅಳೆಯುವ ಹೊಸ ಸೌಟು ಮಾಡಿದ. ಬೆರಳ ತುದಿಯಷ್ಟು ದೊಡ್ಡ ಸೌಟು. ತುಂಬಿ, ಇಸ್ಪೀಟೆಲೆಯಿಂದ ಮೇಲೆ ಗೀರಿದರೆ ಸರಿಯಾದ ಅಳತೆ. ಹತ್ತು ಸಲ ತೂಗಿ ನೋಡಿ, ಅದನ್ನು ಹಾಜಬ್ಬನ ಕೈಗೆ ಕೊಟ್ಟ.

ಹಾಜಬ್ಬ ಉಳ್ಳಾಲದ ಬ್ಯಾರಿ. ಐವತ್ತು ದಾಟಿದ ಆಸಾಮಿ. ಮಸ್ಕತ್ತಿನ ಬಿಸಿಲಿನಲ್ಲಿ ಕೆಲಸವಿಲ್ಲದೆ ಅಲೆಯುತ್ತಿದ್ದವನನ್ನು ಮೂರು ವರ್ಷದ ಹಿಂದೆ ಇಲ್ಲಿಗೆ ಸೇರಿಸಿದ್ದು ಪೂವಪ್ಪನೇ. ಅಲ್ ಹೈಲಿನಲ್ಲಿ ಇಬ್ಬರಿಗೂ ಒಂದೇ ರೂಮು, ಒಂದೇ ಒಲೆ. ಅನ್ನ ಯಾವಾಗಲೂ ಹಾಜಬ್ಬನದ್ದು. ಹಾಲಿನಪುಡಿಯ ಹಳೆ ಡಬ್ಬದಲ್ಲಿ ಕುಚಲಕ್ಕಿ ಅಳೆಯುತ್ತಿದ್ದ, ಆಳಿಗೊಂದು ಡಬ್ಬದಂತೆ. ಮಗಳು ಆಯಿಶತ್ ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು, ಇನ್ನೂ ಎರಡು ವರ್ಷ ಬಾಕಿ. ಹಾಜಬ್ಬನ ವೀಸಾ ರಿನ್ಯೂವಲಿನ ಕಾಗದ ಜೂಲಿಯನ್ನನ ಮೇಜಿನ ಮೇಲಿತ್ತು. ಅವನ ಸಹಿ ಬಿದ್ದರೆ ವೀಸಾದ ಧಣಿ ಕಫೀಲ್ ಕಣ್ಣುಮುಚ್ಚಿ ಮುದ್ರೆ ಒತ್ತುತ್ತಿದ್ದ, ಬೀಳದಿದ್ದರೆ ಊರಿಗೆ ಟಿಕೆಟು.

ಗುಂಡಿನ ಮೊದಲ ಪೆಟ್ಟಿಗೆಗಳು ಬಂದವು. ಉಳಿದ ಮಾಲು ಬಿಡಿಸಿಕೊಳ್ಳಲು ಪೂವಪ್ಪ ಎರಡು ದಿನ ಬಂದರಿನಲ್ಲಿ ಕಾದು ಕಾದು ಸುಸ್ತಾದ. ಬುಧವಾರ ಬೆಳಿಗ್ಗೆ ಏಳೂವರೆಗೆ ಕೋಣೆಗೆ ಬಂದು ಮದ್ದಿನ ಡಬ್ಬಿ ಎತ್ತಿದರೆ ಅದು ಖಾಲಿ. ಅವನ ಲೆಕ್ಕದಲ್ಲಿ ಅಡಿಯಲ್ಲಿ ಎರಡು ಬೆರಳಿನಷ್ಟು ಉಳಿಯಬೇಕಿತ್ತು.

"ಹಾಜಬ್ಬಾಕ, ಮದ್ದು ಚೆಲ್ಲಿತಾ?"

"ಚೆಲ್ಲಲಿಕ್ಕೆ ನಾನೆಂತ ಮಗುವಾ? ಸರಿಯಾಗಿ ಮುಗೀತು. ಆರುನೂರು ತೋಟೆ ಆಗಿ, ಏಳು ಗಂಟೆಗೇ ಸಾಹೇಬ ರೇಂಜಿಗೆ ತಕೊಂಡೋದ."

"ಹೇಗೆ ಅಳೆದದ್ದು? ಒಮ್ಮೆ ತೋರಿಸಿ."

ಹಾಜಬ್ಬ ಹೊಸ ಡಬ್ಬಿ ಒಡೆದು ಸೌಟು ಮುಳುಗಿಸಿದ. ತುಂಬಿ ಬಂದದ್ದನ್ನು ಡಬ್ಬಿಯ ಅಂಚಿಗೆ ಮೆಲ್ಲಗೆ ತಟ್ಟಿದ. ಟಕ್, ಟಕ್. ಮದ್ದು ಒಂದಿಷ್ಟು ಕುಸಿಯಿತು. ಮೇಲಿಂದ ಇನ್ನೂ ಚಿಟಿಕೆ ಬಿಟ್ಟು, ಇಸ್ಪೀಟೆಲೆಯಿಂದ ನೀಟಾಗಿ ಗೀರಿದ. ನೋಡಲಿಕ್ಕೆ ಸೌಟು ಮಟ್ಟಸವಾಗಿಯೇ ಇತ್ತು.

ಆ ಸದ್ದನ್ನು ಪೂವಪ್ಪ ಮೂರು ವರ್ಷದಿಂದ ದಿನಾ ಕೇಳಿದ್ದ, ಅಕ್ಕಿಯ ಡಬ್ಬದಲ್ಲಿ.

"ತಟ್ಟುವುದು ಯಾಕೆ?"

"ತಟ್ಟದೆ ಮತ್ತೆ? ನನ್ನ ಬಾಪ ಮಂಗಳೂರಿನ ಬಂದರಿನಲ್ಲಿ ನಲವತ್ತು ವರ್ಷ ಅಕ್ಕಿ ಅಳೆದವರು. ಸೇರನ್ನು ಎರಡು ಸಲ ತಟ್ಟದೆ ಗೀರಿದ್ರೆ ಅದು ಕಳ್ಳ ಅಳತೆ ಮಾರಾಯ. ಅಳತೆಯಲ್ಲಿ ಕಡಿಮೆ ಕೊಟ್ಟವನಿಗೆ ದೇವರ ಹತ್ತಿರ ಮಾಫಿ ಇಲ್ಲ."

ಪೂವಪ್ಪ ಆ ಸೌಟಿನ ಮದ್ದನ್ನು ತಕ್ಕಡಿಗೆ ಸುರಿದ. ಮುಳ್ಳು ಗೆರೆ ದಾಟಿ ನಿಂತಿತು. ಇನ್ನೊಂದು ಸೌಟು ಸುರಿದ, ಅದೂ ದಾಟಿತು. ಇಪ್ಪತ್ತಕ್ಕೊಂದರಂತೆ ತೂಗಿ ಪುಸ್ತಕದಲ್ಲಿ ಗುರುತು ಹಾಕುವುದು ಅವನದೇ ಕೆಲಸ. ಹಳೆಯ ಗುಂಡಿನ ಕಾಲದಲ್ಲೂ ಮುಳ್ಳು ಯಾವಾಗಲೂ ಕೂದಲೆಳೆಯಷ್ಟು ಆಚೆ ನಿಲ್ಲುತ್ತಿತ್ತು. ಕಡಿಮೆಯಂತೂ ಇಲ್ಲವಲ್ಲ, ಇರಲಿ ಎಂದು, ಹಾಜಬ್ಬ ಮದ್ದಿನ ಅಳತೆಗೆ ಕೂತ ಎರಡು ವರ್ಷದಿಂದ 'ಸರಿ' ಎಂದು ಬರೆಯುತ್ತ ಬಂದಿದ್ದ. ಆಗೆಲ್ಲ ಹಾಜಬ್ಬ ಪಕ್ಕದಲ್ಲೇ ನಿಂತು ಅದನ್ನು ನೋಡುತ್ತಿದ್ದ.

"ಎಂತ ಆಯ್ತು?" ಎಂದ ಹಾಜಬ್ಬ, ಈಗ ಸ್ವಲ್ಪ ಹೆದರಿ.

"ಏನೂ ಇಲ್ಲ. ನೀವು ಇಲ್ಲೇ ಇರಿ," ಎಂದು ಪೂವಪ್ಪ ಹೊರಗೆ ಓಡಿದ.

ಗುಂಡು ಹೊಡೆಯುವ ರೇಂಜು ಅರ್ಧ ಮೈಲಿ ದೂರ. ಹೊಡೆತ ಶುರುವೆಂದು ತೋರಿಸುವ ಕೆಂಪು ಬಾವುಟ ಗುಡ್ಡದ ತಲೆಯ ಮೇಲೆ ಆಗಲೇ ಏರಿತ್ತು. ಚಪ್ಪಲಿಯಲ್ಲಿ ಕಲ್ಲು ಹೊಕ್ಕು ಕಾಲು ಕುಯ್ದರೂ ಅವನು ನಿಲ್ಲಲಿಲ್ಲ. ಓಡುತ್ತ ಓಡುತ್ತಲೇ ಒಂದು ಉಪಾಯ ಹೊಳೆಯಿತು. ಗುಂಡಿನ ಸೈಜು ಸರಿಯಿಲ್ಲ ಎಂದುಬಿಟ್ಟರೆ ತೋಟೆಯೆಲ್ಲ ವಾಪಸು ಬರುತ್ತದೆ. ಬೈಗುಳ ಅವನಿಗೆ, ಗುಂಡು ಆರಿಸಿದವನು ಅವನೇ ತಾನೆ. ಹಾಜಬ್ಬನ ಹೆಸರು ಬರುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಮೊದಲ ಸದ್ದು ಕೇಳಿದ್ದು ಅವನು ತಿರುವಿನಲ್ಲಿದ್ದಾಗ. ಎಂದಿನ 'ಡಪ್' ಅಲ್ಲ, ಚುರುಕಾದ, ಕಿವಿಗೆ ಚುಚ್ಚುವ ಸದ್ದು. ಎರಡು. ಮೂರು. ಪ್ರತಿ ಸದ್ದಿಗೂ ಪೂವಪ್ಪ ಕಟೀಲಮ್ಮನಿಗೆ ಒಂದು ಹೂವಿನ ಪೂಜೆ ಹೇಳಿಕೊಂಡ. ಐದಾದ ಮೇಲೆ ನಿಂತಿತು. ಒಡೆಯಿತೋ, ಬರೀ ಬಿಡುವೋ, ತಿಳಿಯಲಿಲ್ಲ.

ಗೇಟಿನಲ್ಲಿ ನೇತುಹಾಕಿದ್ದ ಕಬ್ಬಿಣದ ತುಂಡನ್ನು ಕಲ್ಲಿನಿಂದ ಬಡಿದ. ಅದನ್ನು ಬಡಿದರೆ ಯಾರೇ ಆದರೂ ಪಿಸ್ತೂಲು ಕೆಳಗಿಡಬೇಕು ಎಂಬುದು ಅಲ್ಲಿಯ ಕಾನೂನು.

ಸಾಲಿನ ತುದಿಯಲ್ಲಿ ಖಲ್ಫಾನ್ ನಿಂತಿದ್ದ. ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಒಮಾನಿ ಯುವಕ, ಮುಂದಿನ ತಿಂಗಳ ಪಂದ್ಯಕ್ಕೆ ತಯಾರಾಗುತ್ತಿದ್ದವನು. ಬೆರಳು ಹತ್ತೂ ನೆಟ್ಟಗಿದ್ದವು. ಬಲಗೈಯನ್ನು ಕೊಡವಿಕೊಳ್ಳುತ್ತ, "ನಿನ್ನ ಹೊಸ ಗುಂಡು ಕತ್ತೆಯ ಹಾಗೆ ಒದೆಯುತ್ತದಪ್ಪ," ಎಂದು ಹಿಂದಿಯಲ್ಲಿ ನಕ್ಕ.

"ಏನಾಯಿತು?" ಎಂದ ಜೂಲಿಯನ್, ಕಿವಿಯ ಮುಚ್ಚಳ ಕುತ್ತಿಗೆಗೆ ಇಳಿಸುತ್ತ.

"ಗುಂಡಿನ ಸೈಜು ಸರಿಯಿಲ್ಲ ಸರ್. ಎಲ್ಲ ವಾಪಸು ತೆಗೆಯಬೇಕು."

ಜೂಲಿಯನ್ ರೇಂಜಿನ ಶೆಡ್ಡಿನಲ್ಲಿ ಮಾದರಿಗೆಂದು ಇಟ್ಟಿದ್ದ ಬಿಡಿ ಗುಂಡಿನ ಪೊಟ್ಟಣ ತಂದು, ಜೇಬಿನ ಅಳತೆಕಡ್ಡಿಯಲ್ಲಿ ಐದನ್ನು ಹಿಡಿದು ನೋಡಿದ. ಮತ್ತೂ ಐದನ್ನು ನೋಡಿದ. "ಸರಿಯಾಗಿದೆ. ಒಂದು ಕೂದಲೂ ವ್ಯತ್ಯಾಸ ಇಲ್ಲ. ಯಾರು ಹೇಳಿದ್ದು ನಿನಗೆ?"

ಪೂವಪ್ಪ ಬಗ್ಗಿ ಚಪ್ಪಲಿಯೊಳಗಿನ ಕಲ್ಲು ತೆಗೆಯತೊಡಗಿದ.

"ಖಲಾಸ್? ಮುಗೀತಾ?" ಎಂದ ಖಲ್ಫಾನ್, ಹೊಸ ತೋಟೆಗಳ ಮ್ಯಾಗಜೀನನ್ನು ಪಿಸ್ತೂಲಿಗೆ ಒತ್ತುತ್ತ. "ಯಲ್ಲಾ, ಬೇಗ ಆಗಲಿ, ಹತ್ತು ಗಂಟೆಗೆ ನನಗೆ ಆಫೀಸಿದೆ."

ಜೂಲಿಯನ್ ಕಿವಿ ಮುಚ್ಚಿಕೊಂಡು ಕೈ ಎತ್ತಿದ. ಖಲ್ಫಾನನ ಹೆಬ್ಬೆರಳು ಹಿಂದಕ್ಕೆ ಹೋಗಿ ಪಿಸ್ತೂಲಿನ ಕುದುರೆಯನ್ನು ಎಳೆಯಿತು. ಆ ಹೆಬ್ಬೆರಳಿನಲ್ಲಿ ಮಸಿಯ ಕಲೆಯಿತ್ತು, ಬ್ಯಾಂಕಿನ ಮಸಿ.

"ಮದ್ದು ಹೆಚ್ಚಾಗಿದೆ ಸರ್," ಎಂದ ಪೂವಪ್ಪ. ಯಾರಿಗೂ ಕೇಳಿಸಲಿಲ್ಲವೆಂದು ಜೂಲಿಯನ್ನನ ತೋಳು ಹಿಡಿದು ಮತ್ತೆ ಹೇಳಿದ. "ಎಲ್ಲದರಲ್ಲೂ. ಹಾಜಬ್ಬ ಸೌಟು ತಟ್ಟಿ ತುಂಬುತ್ತಾನೆ."

ಜೂಲಿಯನ್ ಮೊದಲು ಖಲ್ಫಾನನ ಕೈಯಿಂದ ಪಿಸ್ತೂಲು ತೆಗೆದುಕೊಂಡ. ಆಮೇಲೆ ಬಗ್ಗಿ ಮರಳಿನಿಂದ ಐದು ಖಾಲಿ ಕೇಸು ಹೆಕ್ಕಿದ. ಹೆಚ್ಚಿನ ಮದ್ದಿನ ಒತ್ತಡಕ್ಕೆ ಐದರ ಕೇಪೂ ಜಜ್ಜಿ ಚಪ್ಪಟೆಯಾಗಿತ್ತು, ಒಂದರ ಹೊಟ್ಟೆಯಲ್ಲಿ ಸೀಳು. ಅದನ್ನು ಖಲ್ಫಾನನಿಗೆ ತೋರಿಸಿದ. ಖಲ್ಫಾನ್ ಆಮೇಲೆ ನಗಲಿಲ್ಲ.

"ನೀನು ತೂಗಲಿಲ್ಲವೇ?" ಎಂದು ಜೂಲಿಯನ್ ಪೂವಪ್ಪನನ್ನು ಕೇಳಿದ.

"ಎರಡು ದಿನ ಬಂದರಿನಲ್ಲಿದ್ದೆ ಸರ್."

"ಅದಕ್ಕೆ ಮೊದಲು?"

ಬೆಳಗಿನ ಬಿಸಿಲು ಆಗಲೇ ಸುಡುತ್ತಿತ್ತು. ಸೋಡಾ ಅಂಗಡಿಯ ಬಾಟ್ಲಿಗಳ ಸದ್ದು ಪೂವಪ್ಪನಿಗೆ ಅಲ್ಲೇ ಕೇಳಿಸಿತು.

"ಮೊದಲೆಲ್ಲ ಸರಿಯಿತ್ತು ಸರ್," ಎಂದ.

ಕೋಣೆಯಲ್ಲಿ ಜೂಲಿಯನ್ ಪುಸ್ತಕ ತೆರೆದ. ಎರಡು ವರ್ಷದ ಹಾಳೆಗಳಲ್ಲಿ ಪೂವಪ್ಪನ ಕೈಯ ನೀಲಿ ಗುರುತುಗಳು ಸಾಲಾಗಿದ್ದವು. ಸರಿ, ಸರಿ, ಸರಿ. ಹಾಜಬ್ಬ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ.

"ಯಾವಾಗಿನಿಂದ ತಟ್ಟುತ್ತಿದ್ದೀ?" ಎಂದು ಜೂಲಿಯನ್ ಹಿಂದಿಯಲ್ಲಿ ಕೇಳಿದ.

ಹಾಜಬ್ಬ ಪುಸ್ತಕ ನೋಡಿದ, ತಕ್ಕಡಿ ನೋಡಿದ. ಕೊನೆಗೆ ಪೂವಪ್ಪನ ಮುಖ ನೋಡಿದ. ನಿಜವನ್ನು ಬಾಯಿಬಿಟ್ಟು ಹೇಳಲು ಪೂವಪ್ಪನಿಗೆ ಒಂದು ಕ್ಷಣ ಸಿಕ್ಕಿತ್ತು, ಇಲ್ಲ ಅಂತ ಅಲ್ಲ. ಆ ಕ್ಷಣ ಹೋಯಿತು.

"ಈ ಸಲ ಮಾತ್ರ ಸಾಬ್," ಎಂದ ಹಾಜಬ್ಬ. "ನನ್ನದೇ ತಪ್ಪು."

ಕಾಗದಕ್ಕೆ ಸಹಿ ಬೀಳಲಿಲ್ಲ. ಶನಿವಾರದ ವಿಮಾನಕ್ಕೆ ಟಿಕೆಟು ಎಂದಾಯಿತು. ಆರುನೂರು ತೋಟೆಗಳಲ್ಲಿ ಉಳಿದವುಗಳ ಗುಂಡು ಕಿತ್ತು, ಮದ್ದು ಸುರಿದು, ಮತ್ತೆ ಅಳೆದು ತುಂಬುವ ಕೆಲಸ ಪೂವಪ್ಪನಿಗೆ ಬಿತ್ತು. ಗುಂಡು ಒಳ್ಳೆಯದನ್ನೇ ಆರಿಸಿದ್ದೀ ಎಂದು ಜೂಲಿಯನ್ ಅವನ ಬೆನ್ನು ತಟ್ಟಿದ. ಕೋಣೆಗೆ ಬೀಗ ಬೀಳುವುದಿಲ್ಲ ಎಂದೂ ಹೇಳಿದ. ನಾಚಿಕೆಯಿಂದ ಪೂವಪ್ಪನಿಗೆ ಅಲ್ಲೇ ನೆಲ ಬಿರಿಯಬಾರದೇ ಅನ್ನಿಸಿತು.

ಬುಧವಾರ ಸಂಜೆ ಹಾಜಬ್ಬ ರೂಮಿನಲ್ಲಿ ಒಲೆ ಹಚ್ಚಲಿಲ್ಲ. ಗುರುವಾರ ಎಲ್ಲೋ ಹೊರಗೆ ಉಂಡು ಬಂದು, ಟ್ರಂಕಿಗೆ ಹಗ್ಗ ಬಿಗಿದ. ಪೂವಪ್ಪ ಎರಡು ದಿನ ಅಂಗಡಿಯ ಕುಬ್ಬೂಸ್ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿಂದ. ಹೇಳಬೇಕಾದ್ದನ್ನು ಹತ್ತು ಸಲ ಬಾಯಿಯ ತನಕ ತಂದು ಹತ್ತು ಸಲವೂ ನುಂಗಿದ.

ಶುಕ್ರವಾರ ಮಧ್ಯಾಹ್ನ ಜುಮ್ಮಾ ನಮಾಜು ಮುಗಿಸಿ ಹಾಜಬ್ಬ ಒಂದು ಕಟ್ಟು ಬಂಗುಡೆ ಹಿಡಿದುಕೊಂಡು ಬಂದ. ಪೂವಪ್ಪ ಮಂಚದ ಮೇಲೆ ಗೋಡೆಗೆ ಮುಖಮಾಡಿ ಮಲಗಿದ್ದ, ನಿದ್ದೆ ಬಂದವನ ಹಾಗೆ. ಮೀನು ತೊಳೆದ ಸದ್ದಾಯಿತು. ಒಲೆ ಹೊತ್ತಿಕೊಂಡಿತು. ಅಕ್ಕಿಚೀಲದ ಬಾಯಿ ಬಿಚ್ಚಿದ ಸದ್ದಿಗೆ ಪೂವಪ್ಪ ಕಿವಿಗೊಟ್ಟ.

ಡಬ್ಬ ಅಕ್ಕಿಯೊಳಗೆ ಇಳಿಯಿತು. ಟಕ್, ಟಕ್. ಅಂಗೈಯಿಂದ ಗೀರಿ, ಒಂದಾಳಿನ ಅಕ್ಕಿ ಪಾತ್ರೆಗೆ ಸುರಿದದ್ದು ಕೇಳಿಸಿತು.

ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಒಲೆಯ ಉರಿಯ ಸುಂಯ್ ಸದ್ದು ಮಾತ್ರ. ಗೋಡೆಯ ಸುಣ್ಣದಲ್ಲಿ ಬಿದ್ದ ಬಿರುಕನ್ನು ಪೂವಪ್ಪ ಕಣ್ಣು ಮಿಟುಕಿಸದೆ ನೋಡುತ್ತಿದ್ದ.

ಡಬ್ಬ ಮತ್ತೊಮ್ಮೆ ಅಕ್ಕಿಯೊಳಗೆ ಇಳಿಯಿತು. ಟಕ್, ಟಕ್.